ಅರ್ಜಿಯ ಮೂರನೆಯ ಸಾಲು

ಒದ್ದೆಯಾದ ಸಾಗವಾನಿ ಹೊಟ್ಟಿಗೆ ಒಂದು ಹುಳಿ ವಾಸನೆ ಇರುತ್ತದೆ. ಕಳೆದ ತಿಂಗಳು ಖಾನಾಪುರದ ಕಾಲೇಜೊಂದರಲ್ಲಿ ಪರೀಕ್ಷೆಯ ಕೆಲಸ ಮುಗಿಸಿ ಬೈಕಿನಲ್ಲಿ ಬೆಳಗಾವಿಗೆ ಮರಳುತ್ತಿದ್ದೆ. ಪೀರನವಾಡಿಯ ಹತ್ತಿರ ಮಳೆ ಜೋರಾಗಿ, ರಸ್ತೆಬದಿಯ ತಗಡಿನ ಶೆಡ್ಡಿನ ಮುಂದೆ ನಿಂತುಕೊಂಡೆ. ಒಳಗಿನಿಂದ ಆ ವಾಸನೆ ಬಂತು. ಅದರ ಬೆನ್ನಿಗೇ ಜೈಲಿನ ಬಡಗಿ ಕೋಣೆ, ಗೋಡೆಗೆ ಒರಗಿಸಿಟ್ಟ ಕರಿಹಲಗೆ, ಅದರ ಮೇಲೆ ನನ್ನದೇ ಅಕ್ಷರ, ಎಲ್ಲವೂ ಬಂದವು. ತಿರುಗಿ ನೋಡಿದರೆ ಒಳಗೊಬ್ಬ ಬಾಗಿಲ ಚೌಕಟ್ಟಿಗೆ ರಂದಾ ಹೊಡೆದು ನಯ ಮಾಡುತ್ತಿದ್ದ. ಬೆನ್ನಿನಿಂದಲೇ ಗುರುತು ಹಿಡಿದೆ. ಹಿಡಿದೆ ಎಂದು ಈಗ ಬರೆಯುತ್ತಿದ್ದೇನೆ. ಆಗಲೇ ಹಿಡಿದೆನೋ, ಅವನು ಮುಖ ತಿರುಗಿಸಿದ ಮೇಲೆ ಹಿಡಿದೆನೋ, ಪ್ರಮಾಣ ಮಾಡಿ ಹೇಳಲಾರೆ.

ಏಳು ವರ್ಷದ ಹಿಂದಿನ ಆ ಒಂದು ಮಳೆಗಾಲದ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅವನಿಗೆ ನನ್ನಿಂದ ಕೆಟ್ಟದ್ದಾಯಿತು ಎನ್ನುವುದನ್ನು ಮಾತ್ರ ನಂಬುತ್ತೇನೆ.

ಆಗ ನಾನು ಧಾರವಾಡದಲ್ಲಿ ಭಾಷಾಶಾಸ್ತ್ರದ ಎಂ.ಎ. ಮುಗಿಸಿ, ಕೆಲಸವಿಲ್ಲದೆ ಬೆಳಗಾವಿಯ ಮನೆಯಲ್ಲಿದ್ದೆ. ನಮ್ಮದು ಜೈನರ ಮನೆ. ಸುಳ್ಳಾಡುವುದಿಲ್ಲ ಎಂಬುದೂ ಅಲ್ಲಿ ಒಂದು ವ್ರತ. ನನಗೆ ವ್ರತ, ಪ್ರಾರ್ಥನೆ, ಹರಕೆ ಯಾವುದರ ಮೇಲೂ ವಿಶ್ವಾಸವಿರಲಿಲ್ಲ. ಎಲ್ಲದಕ್ಕೂ ಆಧಾರ ಕೇಳುವ ಚಟವನ್ನು ವಿಶ್ವವಿದ್ಯಾಲಯದಿಂದ ಹೊತ್ತು ತಂದಿದ್ದೆ. ಒಂದು ದಿನ ಪ್ರಾಥಮಿಕ ಶಾಲೆಯಲ್ಲಿ ನನಗೆ ಕಲಿಸಿದ್ದ ಮಾರ್ಥಾ ಬಾಯಾರು ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕರು. ನಿವೃತ್ತರಾದ ಮೇಲೆ ಅವರು ತಮ್ಮ ಚರ್ಚಿನ ಮೂರು ನಾಲ್ಕು ಜನರೊಂದಿಗೆ ಮಂಗಳವಾರ, ಶುಕ್ರವಾರ ಜೈಲಿಗೆ ಹೋಗುತ್ತಿದ್ದರು. ಬಿಡುಗಡೆ ಹತ್ತಿರ ಬಂದವರಿಗೆ ಕೆಲಸ ಹುಡುಕುವುದನ್ನು ಕಲಿಸಲು. ಅರ್ಜಿ ಬರೆಯುವುದು, ಮಾಲೀಕನ ಮುಂದೆ ನಿಂತು ಮಾತಾಡುವುದು, ಹೊಸ ಫೋನು ಬಳಸುವುದು ಇಂಥವು.

"ಅಲ್ಲಿ ಅರ್ಧ ಮಂದಿ ಮರಾಠಿ, ಅರ್ಧ ಮಂದಿ ಕನ್ನಡ. ನಿನಗ ಎರಡೂ ಬರೀಲಿಕ್ಕೆ ಬರತಾವು. ಬಾ ಅಂದ್ರ ಬಾ," ಎಂದರು.

"ಬಾಯಾರ, ನನಗ ದೇವರ ಮ್ಯಾಲ ನಂಬಿಕಿ ಇಲ್ಲ."

"ಇರಲಿ ಬಿಡೋ. ಕಾಗುಣಿತದ ಮ್ಯಾಲ ಐತಿಲ್ಲೊ?"

ಹೀಗೆ ಜೂನಿನಲ್ಲಿ ಶುರುವಾಯಿತು. ಸಿಟಿ ಬಸ್ಸಿಳಿದು ಛತ್ರಿ ಹಿಡಿದು ಗೇಟಿನವರೆಗೆ ನಡೆಯುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಫೋನು ಕೊಟ್ಟು ಚೀಟಿ ಇಸಿದುಕೊಳ್ಳುವುದು. ಒಳಗೆ ಹೋಗುವ ಮುಂಚೆ ಬಾಯಾರು ಕೊಡೆಯ ಹಿಡಿಕೆಯ ಮೇಲೆ ಕೈಯಿಟ್ಟು ಎರಡು ನಿಮಿಷ ಕಣ್ಣು ಮುಚ್ಚುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಒಮ್ಮೆ ತಡೆಯಲಾರದೆ ಕೇಳಿದೆ, "ಏನ್ ಬೇಡ್ಕೊಂಡ್ರಿ?"

"ಇವತ್ತರ ಈ ಅಜಿತ ಬಾಯಿ ಮುಚ್ಚಗೊಂಡು ಕುಂದರ್ಲಿ ಅಂತ."

ಒಳಗೆ ಅವರು ಬೈಬಲ್ ತೆಗೆದದ್ದನ್ನು ನಾನು ನೋಡಿಲ್ಲ. ಬಡಗಿ ಕೋಣೆಯ ಒಂದು ಬದಿಗೆ ಹಲಗೆಗಳನ್ನು ಸರಿಸಿ ನಮಗೆ ಜಾಗ ಕೊಟ್ಟಿದ್ದರು. ಹದಿನೈದು ಜನ ಕೂರುತ್ತಿದ್ದರು. ಬಾಯಾರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರೆ ಈಗ ಅವರು ಮಾಲೀಕರು ಎಂದರ್ಥ.

"ಏನಪಾ, ಇಷ್ಟ ವರ್ಷ ಎಲ್ಲಿದ್ದಿ?"

"ಸರ್ಕಾರಿ ಜಾಗಾದಾಗರಿ ಬಾಯಾರ. ಊಟಾ, ವಸತಿ ಪುಕ್ಕಟ. ಸೂಟಿ ಮಾತ್ರ ಕೊಡ್ತಿದ್ದಿಲ್ಲ," ಎಂದು ಒಬ್ಬ ಹೇಳಿದಾಗ ಬಾಗಿಲಲ್ಲಿದ್ದ ಪೊಲೀಸನೂ ನಕ್ಕಿದ್ದ. ಬಾಯಾರೂ ನಕ್ಕರು. ನಕ್ಕು ಮುಗಿದ ಮೇಲೆ ಅವನನ್ನು ಮತ್ತೆ ನಿಲ್ಲಿಸಿದರು.

ಅವರದೊಂದು ಪದ್ಧತಿ ಇತ್ತು. ಮೂರು ಮಾತು. ಮಾಲೀಕನ ಎದುರು ನಿಂತು, ಅವನ ಮುಖ ನೋಡಿ, ಮೂರೇ ಮಾತು ಹೇಳಬೇಕು. ಏನು ಮಾಡಿದೆ, ಅದಕ್ಕೆ ಏನು ಅನುಭವಿಸಿದೆ, ಏನು ಕಲಿತೆ. "ಆದರೆ", "ಯಾಕಂದ್ರೆ" ಎನ್ನುವಂತಿಲ್ಲ. ಒಂದು ಹೇಳಿ ಮುಂದಿನದು ಬಾರದಿದ್ದರೆ ಅದು ಬರುವ ತನಕ ನಿಂತೇ ಇರಬೇಕು. ಯಾರೂ ಎತ್ತಿಕೊಡಬಾರದು, ಯಾರೂ ಕೂರು ಎನ್ನಬಾರದು.

ಶೆಡ್ಡಿನಲ್ಲಿ ಕಂಡ ಆ ಬಡಗಿ, ಮಾರುತಿ, ಮೊದಲ ಸಲ ಎದ್ದ ದಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಖಾನಾಪುರದ ಕಡೆಯವನು, ಮನೆಮಾತು ಮರಾಠಿ, ಕನ್ನಡವೂ ಅಷ್ಟೇ ಸಲೀಸು. ಮೂವತ್ತೇಳು ಮೂವತ್ತೆಂಟರ ವಯಸ್ಸು, ತೋಳಿನ ತುಂಬ ಹೊಟ್ಟು. "ನನ್ನ ಕೈಯಾಗ ಒಬ್ಬ ಮನಷಾ ಸತ್ತಾನ್ರಿ," ಎಂದ. ಮದುವೆ ಮನೆಯೊಂದರ ಜಗಳ, ಕೈಗೆ ಸಿಕ್ಕ ಕಟ್ಟಿಗೆ. ಅಷ್ಟು ಹೇಳಿ ನಿಂತ. ಕ್ಲಾಸು ಮುಗಿಯುವ ತನಕ ನಿಂತೇ ಇದ್ದ. ನನಗೆ ಇದು ಹಿಂಸೆಯೆನಿಸಿತು. ಗಂಟೆ ಹೊಡೆಯುವ ಹೊತ್ತಿಗೆ ಅವನ ಬಾಯಿಂದ ಎರಡನೆಯದು ಬಂತು. "ಒಂಬತ್ತ ವರ್ಷ ಶಿಕ್ಷಾ ಭೋಗಿಸೀನ್ರಿ. ಪೂರಾ." ಮೂರನೆಯದು ಮುಂದಿನ ವಾರ ಬಂತು. "ಬಡಗಿ ಕೆಲಸ ಕಲ್ತೀನಿ, ಸಿಟ್ಟು ಬಂದ್ರ ಹೊರಗ ಹೋಗಿ ನಿಂದರೂದು ಕಲ್ತೀನಿ." ಅದು ಒಂದಲ್ಲ, ಎರಡು ಎಂದು ಹಿಂದೆ ಕೂತಿದ್ದವನು ತಕರಾರು ಮಾಡಿದ. ಬಾಯಾರು ಒಂದೇ ಎಂದು ತೀರ್ಮಾನ ಕೊಟ್ಟರು.

ನನಗೆ ಈ ಪದ್ಧತಿ ಒಪ್ಪಿಗೆಯಾಗಲಿಲ್ಲ. ಇದು ಪಾಪನಿವೇದನೆ, ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎಂದು ವಾದಿಸಿದೆ. ಶಿಕ್ಷೆ ಮುಗಿಸಿದ ಮನುಷ್ಯ ತಾನಾಗಿ ಯಾರಿಗೂ ಏನೂ ಹೇಳಬೇಕಾಗಿಲ್ಲ. ಕೇಳಿದರೆ ಸುಳ್ಳಾಡಬಾರದು, ಅಷ್ಟೆ. ಒಂದು ಶುಕ್ರವಾರ ಬಾಯಾರು ಯಾರದೋ ಕಾಗದ ತಿದ್ದುತ್ತಿರುವಾಗ ನಾನು ಬೋರ್ಡಿನ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆದೆ: "ಕೇಳಿದ್ದನ್ನು ಬಿಡಬೇಡ, ಕೇಳದ್ದನ್ನು ಹೇಳಬೇಡ." ಅದರ ಲಯ ನನಗೇ ಹಿಡಿಸಿತ್ತು. ಎಲ್ಲರೂ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮಾರುತಿ ಅಡಿಗೆರೆ ಎಳೆದುಕೊಂಡ.

ಹೊರಗೆ ಬರುವಾಗ ಬಾಯಾರು ಹೇಳಿದರು, "ಚಲೋ ಬರದಿ. ಆದ್ರ ಕಾಗದಕ್ಕ ಮಾರಿ ಇರೂದಿಲ್ಲೋ ಅಜಿತ. ಮಾರಿ ನೋಡಿ ಹೇಳಿದ್ರ ಮನಷಾ ಕೇಳಿಸ್ಕೊಂತಾನ. ಕಾಗದದ ಮ್ಯಾಲ ಬರದ್ರ ಬರೇ ಓದತಾನ."

"ಹಂಗಾರ ಅಳಸೂದಿತ್ತು."

"ನೀ ಬರದದ್ದು, ನೀನ ಅಳಸು."

ನಾನು ಅಳಿಸಲಿಲ್ಲ.

ಮಾರುತಿಗೆ ಕೆಲಸ ಬರೀ ಕೆಲಸವಾಗಿರಲಿಲ್ಲ. ಅವನು ಒಳಗೆ ಹೋದಾಗ ಮಗಳು ಆರತಿಗೆ ಎರಡು ವರ್ಷ. ಹೆಂಡತಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಖಾನಾಪುರ ಪೇಟೆಯಲ್ಲಿದ್ದ ತಂಗಿ ಹುಡುಗಿಯನ್ನು ಸಾಕಿದ್ದಳು. ಅಪ್ಪ ಗೋವಾದಲ್ಲಿ ಬಡಗಿ ಕೆಲಸದಲ್ಲಿದ್ದಾನೆ ಎಂದು ಹುಡುಗಿಗೂ, ಓಣಿಗೂ ಹೇಳಿಟ್ಟಿದ್ದರು. ತಂಗಿಯ ಗಂಡನ ಮಾತು ಸ್ಪಷ್ಟವಿತ್ತು. ಖಾನಾಪುರದಲ್ಲೇ ಒಂದು ಗಟ್ಟಿ ನೌಕರಿ ಹಿಡಿದು ಬಂದರೆ, ಗೋವಾ ಬಿಟ್ಟು ಬಂದ ಎಂದು ಮಂದಿಗೆ ಹೇಳಬಹುದು. ಹಿತ್ತಲ ಕೋಣೆ ಕೊಡುತ್ತೇನೆ, ಮಗಳ ಜೊತೆ ಇರಲಿ. ಇಲ್ಲದಿದ್ದರೆ ಬಾಗಿಲಿಗೆ ಬರುವುದು ಬೇಡ. "ಅಂವಾ ಹೇಳೂದ್ರಾಗ ತಪ್ಪೇನೂ ಇಲ್ರಿ ಸರ್ರ. ಅಂವಗೂ ಹೆಣ್ಣಮಕ್ಕಳದಾರ," ಎಂದು ಮಾರುತಿಯೇ ಹೇಳಿದ್ದ. ನೌಕರಿ ಸಿಕ್ಕ ಮೇಲೆ ಒಂದು ದಿನ ತಾನೇ ಮಗಳನ್ನು ಕೂರಿಸಿಕೊಂಡು ಮೂರು ಮಾತು ಹೇಳುವುದೆಂದು ಬಾಯಾರಿಗೆ ಮಾತು ಕೊಟ್ಟಿದ್ದ. ಯಾವ ದಿನ ಎನ್ನುವುದನ್ನು ಅವರು ಅವನಿಗೇ ಬಿಟ್ಟಿದ್ದರು.

ಜುಲೈ ಕೊನೆಗೆ ಅವನ ಬಿಡುಗಡೆಯಾಯಿತು. ಖಾನಾಪುರದ ಹೊರಗೆ ಆಗಷ್ಟೇ ಒಂದು ಫರ್ನಿಚರ್ ಕಾರ್ಖಾನೆ ಶುರುವಾಗಿತ್ತು. ಮಾಲೀಕ ಇಂದೋರಿನ ಕಡೆಯ ಶೇಟಜಿ. ಬಾಯಾರು ಸುರಿಯುವ ಮಳೆಯಲ್ಲಿ ಮಾರುತಿಯನ್ನು ಕರೆದುಕೊಂಡು ಬಸ್ಸು ಹತ್ತಿ ಹೋಗಿ, ಶೇಟಜಿಯ ಕೋಣೆಯಲ್ಲಿ ಅವನನ್ನು ನಿಲ್ಲಿಸಿದರು. ಅವನು ತನ್ನ ಹರಕು ಹಿಂದಿಯಲ್ಲಿ ಮೂರೂ ಮಾತು ಹೇಳಿದ. ಶೇಟಜಿ ಎರಡು ತುಂಡು ಕಟ್ಟಿಗೆ ತರಿಸಿ ಜೋಡಿಸಲು ಹೇಳಿದರಂತೆ. ಸಂದಿಯ ಮೇಲೆ ಉಗುರು ಆಡಿಸಿ ನೋಡಿ, "ಬುಧವಾರ ಬಂದು ಎಲ್ಲರಂತೆ ಫಾರ್ಮ್ ತುಂಬಲಿ. ಈ ಮಾತು ಈ ಕೋಣೆಯ ಮೂವರಲ್ಲೇ ಇರಲಿ. ನನ್ನ ಕೆಲಸಗಾರರಿಗೆ ತಿಳಿಯುವುದು ಬೇಡ," ಎಂದರಂತೆ. ಬಾಯಾರು ಇದನ್ನು ಹೇಳುವಾಗ ನಾನು ಎದುರಿಗಿದ್ದೆ. ಅವರ ಮುಖದಲ್ಲಿ ಗೆದ್ದ ಹೆಮ್ಮೆಯೇನೂ ಇರಲಿಲ್ಲ. ನನಗೇ ಸೋತಂತಾಗಿತ್ತು.

ಬುಧವಾರ ಬಾಯಾರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. "ನೀ ಅವನ ಜೋಡಿ ಹೋಗು. ಫಾರ್ಮ್ ತುಂಬೂ ಮಟಾ ಬಾಜು ನಿಂದರು. ಮತ್ತೇನ ಮಾಡಬ್ಯಾಡ," ಎಂದರು. ಹೋಗುತ್ತೇನೆ ಎಂದೆ. ಮಾರುತಿಗೂ ಹೇಳಿದೆ, ಎಂಟೂವರೆಯ ಖಾನಾಪುರ ಬಸ್ಸು, ನಿಲ್ದಾಣದಲ್ಲಿ ಸಿಗುತ್ತೇನೆ ಎಂದು.

ಮಂಗಳವಾರ ಸಂಜೆ ಕಾಲೇಜಿನಿಂದ ಫೋನು ಬಂತು. ಅತಿಥಿ ಉಪನ್ಯಾಸಕರ ಸಂದರ್ಶನ, ಮರುದಿನ ಹನ್ನೊಂದಕ್ಕೆ. ವರ್ಷದಿಂದ ಕಾದಿದ್ದ ಕರೆ. ಮಾರುತಿಗೆ ಫೋನು ಮಾಡಿ, "ನೀ ಒಬ್ಬನ ಹೋಗಿ ಬಾ. ಶೇಟಜಿಗೆ ಎಲ್ಲಾ ಗೊತ್ತೈತಿ. ಬೋರ್ಡಿನ ಮ್ಯಾಲ ಬರದದ್ದು ನೆನಪಿಟ್ಕೋ, ಸಾಕು," ಎಂದೆ. "ಆತ್ರಿ ಸರ್ರ," ಎಂದ. ಬಾಯಾರಿಗೆ ತಿಳಿಸಲಿಲ್ಲ. ಆಪರೇಷನ್ ಮುನ್ನಾದಿನ ತೊಂದರೆ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ನೆಪವೂ ಚೆನ್ನಾಗಿ ನೆನಪಿದೆ.

ಇಲ್ಲಿಂದ ಮುಂದಿನದು ನಾನು ಏಳು ವರ್ಷ ಹೊತ್ತುಕೊಂಡು ತಿರುಗಿದ ನೆನಪು. ಕಾಲೇಜಿನ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತಿದ್ದೇನೆ. ಮುಂದೆ ಇಬ್ಬರಿದ್ದಾರೆ. ಫೋನು ನಡುಗುತ್ತದೆ. ಮಾರುತಿ.

"ಸರ್ರ, ಫಾರ್ಮ್ ಕೊಟ್ಟಾರ್ರಿ. ಹೆಸರು ಬರದೀನಿ, ಊರು ಬರದೀನಿ. ಮೂರನೇದು ಶಿಕ್ಷಾ ಅಂತ ಐತ್ರಿ. ಅದನ್ನೂ ಬರೀಬೇಕೇನ್ರಿ?"

"ಕೇಳ್ಯಾರಿಲ್ಲೋ? ಬರಿ. ಖರೇ ಇದ್ದದ್ದ ಬರಿ." ಫೋನು ಇಡುತ್ತೇನೆ. ನನ್ನ ಹೆಸರು ಕೂಗುತ್ತಾರೆ.

ಫಾರ್ಮು ಇಂದೋರಿನಲ್ಲಿ ಅಚ್ಚಾದದ್ದು, ಹಿಂದಿಯದು. ಹಿಂದಿಯಲ್ಲಿ ಶಿಕ್ಷಾ ಎಂದರೆ ಓದು, ವಿದ್ಯೆ. ತಾನು ಓದಿದ ಏಳನೆಯ ಇಯತ್ತೆ, ಅಂದರೆ ಏಳನೆಯ ತರಗತಿ, ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಮಾರುತಿ ಓದಿದ್ದು ಮರಾಠಿ ಶಾಲೆಯಲ್ಲಿ. ಲಿಪಿ ಅದೇ, ಅಕ್ಷರ ಅವೇ. ಮರಾಠಿಯಲ್ಲೂ ನಮ್ಮ ಮಾತಿನಲ್ಲೂ ಆ ಶಬ್ದಕ್ಕೆ ಇರುವುದು ಒಂದೇ ಅರ್ಥ, ದಂಡನೆ. ಮೂರನೆಯ ಸಾಲಿನಲ್ಲಿ ಅವನು ದುಂಡಗಿನ ಅಕ್ಷರದಲ್ಲಿ ಮರಾಠಿಯಲ್ಲಿ ಬರೆದ: ಒಂಬತ್ತು ವರ್ಷ. ಪೂರ್ಣ ಭೋಗಿಸಿದ್ದೇನೆ. ನಡತೆ ಚೆನ್ನಾಗಿತ್ತು.

ಮುಂದಿನದನ್ನು ಎರಡು ದಿನದ ಮೇಲೆ ಬಾಯಾರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತು ನನಗೆ ಹೇಳಿದರು. ಫಾರ್ಮು ನೋಡಿದ್ದು ಶೇಟಜಿಯಲ್ಲ, ಇಂದೋರಿನಿಂದ ಬಂದಿದ್ದ ಸೂಪರ್ವೈಸರು. ಅಲ್ಲಿ ಕೆಲಸಕ್ಕೆ ಬಂದ ಇನ್ನೂ ಆರೇಳು ಜನ ಸಾಲಿನಲ್ಲಿದ್ದರು. "ಒಂಬತ್ತು ಪೂರ್ಣ" ಎಂಬುದನ್ನು ಓದಿ, "ನೌವೀ ಪಾಸ್? ಬಹುತ್ ಅಚ್ಛಾ," ಎಂದು, ಒಂಬತ್ತನೆಯ ತರಗತಿ ಮುಗಿಸಿದವನೆಂದು ತಿಳಿದು, ಬೆನ್ನು ತಟ್ಟಿದನಂತೆ. ಮಾರುತಿಯೂ ನಕ್ಕನಂತೆ. ಮುಂದಿನ ಶಬ್ದ ಅರ್ಥವಾಗದೆ ಸೂಪರ್ವೈಸರು ಫಾರ್ಮನ್ನು ಪಕ್ಕದ ಕಾರಕೂನನ ಕಡೆ ಸರಿಸಿದ. ಕಾರಕೂನ ಖಾನಾಪುರದವನು. ಅವನು ಗಟ್ಟಿಯಾಗಿ ಓದಿಬಿಟ್ಟ. ಓದಿದ ಮೇಲೆ ತಾನು ಏನು ಓದಿದೆ ಎಂದು ಅವನಿಗೆ ತಿಳಿಯಿತು. ಸಾಲಿನಲ್ಲಿದ್ದವರು ಅಷ್ಟು ಹೊತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಿದ್ದರು.

ಶೇಟಜಿ ಹೊರಗೆ ಬರಲಿಲ್ಲ. ಬಾಯಾರು ಫೋನು ಮಾಡಿದಾಗ, "ನನಗೆ ಗೊತ್ತಿರುವುದು ಬೇರೆ ಬಾಯಿಜಿ, ಎಲ್ಲರಿಗೂ ಗೊತ್ತಾಗುವುದು ಬೇರೆ," ಎಂದರಂತೆ. ಕಾರಕೂನನಿಗೆ ಮಾರುತಿಯ ತಂಗಿಯ ಗಂಡ ಪರಿಚಯ. ಸಂಜೆಯೊಳಗೆ ಪೇಟೆಗೆ ಸುದ್ದಿ ಮುಟ್ಟಿತು. ಮರುದಿನ ಶಾಲೆಯಲ್ಲಿ ಹುಡುಗಿಯೊಬ್ಬಳು ಆರತಿಯನ್ನು ಕೇಳಿದಳು, ನಿಮ್ಮಪ್ಪ ಇದ್ದದ್ದು ಗೋವಾದ ಯಾವ ಜೈಲಿನಲ್ಲಿ ಎಂದು. ಮಾರುತಿ ತಾನೇ ಆರಿಸಿಕೊಳ್ಳಬೇಕಾಗಿದ್ದ ದಿನ ಹೀಗೆ ಹೋಯಿತು.

ಬಾಯಾರು ನನ್ನನ್ನು ಬೈಯಲಿಲ್ಲ. "ನೀ ಬಾಜು ಇದ್ದಿದ್ದರ?" ಎಂದು ಶುರು ಮಾಡಿ, ನಿಲ್ಲಿಸಿ, "ಹೋಗ್ಲಿ. ನಿನ್ನ ನೌಕರಿ ಆತೇನು?" ಎಂದು ಕೇಳಿದರು.

ಆಗಿತ್ತು. ಈಗಲೂ ಅಲ್ಲೇ ಇದ್ದೇನೆ. ಆ ವಾರದಿಂದ ಜೈಲಿಗೆ ಹೋಗುವುದನ್ನು ಬಿಟ್ಟೆ, ಪಾಠದ ಗಂಟೆಗಳ ನೆಪ ಹೇಳಿ. ಮಾರುತಿ ಹುಬ್ಬಳ್ಳಿ ಕಡೆ ಹೋದನೆಂದು ಕೇಳಿದೆ. ಹುಡುಕಲಿಲ್ಲ.

ನನ್ನನ್ನು ಕೊರೆದದ್ದು ಒಂದು ಪ್ರಶ್ನೆ. ಫೋನಿನಲ್ಲಿ ಅವನು ಶಿಕ್ಷಾ ಎಂದನೋ, ಶಿಕ್ಷಣ ಎಂದನೋ? ಕಾರಿಡಾರಿನಲ್ಲಿ ಗದ್ದಲವಿತ್ತು. ಶಿಕ್ಷಣ ಎಂದು ಕೇಳಿಸಿದ್ದರೆ ನನ್ನ ಉತ್ತರದಲ್ಲಿ ತಪ್ಪಿರಲಿಲ್ಲ. ಆದರೆ ಏಳನೆಯ ಇಯತ್ತೆ ಬರೆಯಲು ಯಾರಾದರೂ "ಅದನ್ನೂ ಬರೀಬೇಕೇನ್ರಿ" ಎಂದು ಕೇಳುತ್ತಾರೆಯೇ? ಕಡಿಮೆ ಓದಿನ ನಾಚಿಕೆಯಿಂದ ಕೇಳಿರಲೂಬಹುದು. ಒಂದು ಶಬ್ದ ಗಡಿ ದಾಟಿದರೆ ಅರ್ಥ ಹೇಗೆ ತಿರುಗುತ್ತದೆ ಎಂಬುದು ನಾನು ಎಂ.ಎ.ಯಲ್ಲಿ ಓದಿದ ವಿಷಯವೇ. ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಅಂಥ ಶಬ್ದಗಳ ಪಟ್ಟಿಯಿದೆ. ಕೊನೆಯಲ್ಲಿ ಶಿಕ್ಷಾ ಇದೆ. ಆ ಒಂದು ಸಾಲು ಮಾತ್ರ ಬೇರೆ ಶಾಯಿಯಲ್ಲಿದೆ. ಅದನ್ನು ಧಾರವಾಡದಲ್ಲಿ ಬರೆದೆನೋ, ಘಟನೆ ಆದ ಮೇಲೆ ನನ್ನ ಮೇಲೆ ನಾನೇ ಸಾಕ್ಷಿ ಹುಟ್ಟಿಸಲು ಬರೆದೆನೋ ತಿಳಿಯದು. ಪ್ರತಿ ವರ್ಷ ತರಗತಿಯಲ್ಲಿ ಆ ಪಾಠ ಬರುತ್ತದೆ. ನಾನು ಬೇರೆ ಉದಾಹರಣೆ ಕೊಡುತ್ತೇನೆ.

ಪೀರನವಾಡಿಯ ಶೆಡ್ಡಿನಲ್ಲಿ ಮಾರುತಿ ರಂದಾ ನಿಲ್ಲಿಸಿ ತಿರುಗಿದ. ಕೂದಲು ಅರ್ಧ ಬೆಳ್ಳಗಾಗಿತ್ತು.

"ಓ, ಸರ್ರ! ಅಲ್ಯಾಕ ನಿಂತೀರಿ, ಒಳಗ ಬರ್ರಿ. ನಿಮ್ಮ ಬೈಕಿಗೂ ಸ್ವಲ್ಪ ಜಳಕಾ ಆಗ್ಲಿ."

ಒಳಗೆ ಹೋದೆ. ಶೆಡ್ಡು ಬಾಡಿಗೆಯದಂತೆ, ಹುಬ್ಬಳ್ಳಿಯಿಂದ ಬಂದು ಮೂರು ವರ್ಷವಾಯಿತಂತೆ. ಬಾಯಾರು ತಮ್ಮ ಪರಿಚಯದವರ ಬಾಗಿಲು ಕಿಟಕಿಗಳ ಕೆಲಸವನ್ನೆಲ್ಲ ಇವನಿಗೇ ಕಳಿಸುತ್ತಾರಂತೆ. ಕಣ್ಣು ಈಗ ಅಷ್ಟಾಗಿ ಕಾಣದಿದ್ದರೂ ಮಂಗಳವಾರ ತಪ್ಪಿಸುವುದಿಲ್ಲವಂತೆ. ನಾನು ಅವರ ಮನೆಗೆ ಹೋಗಿ ಎಷ್ಟು ವರ್ಷವಾಯಿತೆಂದು ಅವನು ಕೇಳಲಿಲ್ಲ. ಆರತಿಯ ವಿಷಯ ನಾನು ಕೇಳುವ ಮುಂಚೆ ಅವನೇ ಹೇಳಿದ.

"ತಂಗಿ ಮನ್ಯಾಗ ಅದಾಳ್ರಿ. ಎರಡ ವರ್ಷ ನನ್ನ ಜೋಡಿ ಮಾತ ಆಡ್ಲಿಲ್ಲ. ಈಗ ಐತವಾರಕ್ಕೊಮ್ಮಿ ಬರತಾಳ. ಕಾಲೇಜಿಗಿ ಹೊಂಟಾಳಲ್ರಿ, ಇಂಗ್ಲಿಷನ್ಯಾಗ ಬೈತಾಳ. ನನಗೇನೂ ತಿಳಿಯಂಗಿಲ್ಲ, ಚಲೋ ಆತು."

ಅವನು ನಕ್ಕ. ನಾನು ನಗಲಾರದೆ, ಏಳು ವರ್ಷದ ಪ್ರಶ್ನೆಯನ್ನು ಕೇಳಿಬಿಟ್ಟೆ. "ಮಾರುತಿ, ಅವತ್ತ ಫೋನಿನ್ಯಾಗ ನೀ ಶಿಕ್ಷಾ ಅಂದ್ಯೋ, ಶಿಕ್ಷಣ ಅಂದ್ಯೋ?"

"ಯಾವ ಫೋನ್ರಿ?"

"ಫಾರ್ಮ್ ತುಂಬುವಾಗ ಮಾಡಿದ್ಯಲ್ಲ."

ಅವನು ನನ್ನನ್ನು ನೋಡಿದ. ನಾನು ಚೇಷ್ಟೆ ಮಾಡುತ್ತಿದ್ದೇನೋ ಎಂದು ಅಳೆಯುವಂತೆ. "ನೀವು ಎತ್ತಲೇ ಇಲ್ರಿ ಸರ್ರ. ಮೂರ ಸಲ ಫೋನ್ ಹಚ್ಚಿದೆ. ಆಮ್ಯಾಲ ಬೋರ್ಡಿನ ಮ್ಯಾಲಿಂದು ನೆನಪಾತು. ಕೇಳಿದ್ದ ಬಿಡಬ್ಯಾಡ. ಕೇಳ್ಯಾರಲ್ಲ ಅಂತ ಬರದೆ."

ಮಳೆಯ ಸದ್ದಿಗೆ ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದ. ಅವನು ನನ್ನನ್ನು ಪಾರು ಮಾಡಲು ಸುಳ್ಳು ಹೇಳಿದ ಎಂದುಕೊಳ್ಳಲು ನೋಡಿದೆ. ಆದರೆ ಇದರಲ್ಲಿ ಪಾರಾಗುವಂಥದ್ದು ಏನಿದೆ? ಆ ಫೋನು ಈಗ ನನ್ನ ಬಳಿ ಇಲ್ಲ, ನೋಡೋಣವೆಂದರೆ. ಕಾರಿಡಾರು, ಬೆಂಚು, ಮುಂದಿನ ಇಬ್ಬರು, ನಡುಗಿದ ಫೋನು ಎಲ್ಲ ಇದ್ದಿರಬಹುದು. ಹೆಸರು ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡಿರಬಹುದು. ಎತ್ತದ ಕರೆಗೆ ಉತ್ತರವನ್ನು ನಾನು ಆಮೇಲೆ ಬರೆದುಕೊಂಡಿರಬಹುದು. ತಪ್ಪು ಮಾತು ಹೇಳಿದವನಾಗಿ ಇರುವುದು, ಮಾತೇ ಕೊಡದವನಾಗಿ ಇರುವುದಕ್ಕಿಂತ ನನಗೆ ಹಗುರವಾಗಿ ಕಂಡಿರಬೇಕು. ಏಳು ವರ್ಷ ಒಂದು ಅಕ್ಷರದ ಹಿಂದೆ ಬಿದ್ದಿದ್ದೆ.

ಅನುಮಾನವಿಲ್ಲದ್ದು ಒಂದೇ ಉಳಿದಿತ್ತು. ಮೂಲೆಯ ಸ್ಟೂಲಿನ ಮೇಲಿಂದ ಎದ್ದೆ. ಅವನ ಮುಖ ನೋಡಿದೆ. ಹಾಗೆ ನೋಡುವುದು ಇಷ್ಟು ಕಷ್ಟ ಎಂದು, ಹದಿನೈದು ಜನರನ್ನು ನಿಲ್ಲಿಸಿ ನೋಡುತ್ತಿದ್ದಾಗ ನನಗೆ ತಿಳಿದಿರಲಿಲ್ಲ.

"ಬರತೀನಿ ಅಂತ ಹೇಳಿ, ನಾ ಅವತ್ತ ಬರಲಿಲ್ಲ."

ಮಾರುತಿಗೆ ತಕ್ಷಣ ತಿಳಿಯಿತು. ಅವನ ತುಟಿಯ ಮೇಲೆ ನಗು ಬಂದು, ಅಲ್ಲೇ ನಿಂತಿತು. ರಂದಾದ ಬಾಯಿಯಲ್ಲಿ ಸಿಕ್ಕಿದ್ದ ಸಿಪ್ಪೆಯನ್ನು ಹೆಬ್ಬೆರಳಿನಿಂದ ತೆಗೆದು ಹಾಕಿದ. "ಹೂಂ. ಎರಡನೇದ್ರಿ?" ಎಂದ.

ಎರಡನೆಯದು, ಅದಕ್ಕೆ ಏನು ಅನುಭವಿಸಿದೆ ಎನ್ನುವುದು. ನಾನು ಹುಡುಕಿದೆ. ಅವತ್ತು ಹನ್ನೊಂದಕ್ಕೆ ಸಂದರ್ಶನ ಕೊಟ್ಟೆ, ಹನ್ನೆರಡಕ್ಕೆ ಚಹಾ ಕುಡಿದೆ, ಮುಂದಿನ ಸೋಮವಾರ ಕೆಲಸಕ್ಕೆ ಸೇರಿದೆ.

ಅವನು ಚೌಕಟ್ಟಿನ ಕಡೆ ತಿರುಗಿ ಮತ್ತೆ ರಂದಾ ಹೊಡೆಯತೊಡಗಿದ. ಹೊರಗೆ ಮಳೆ ನಿಂತಿತ್ತು. ಕುಂದರ್ರಿ ಎಂದು ಅವನು ಅನ್ನಲಿಲ್ಲ. ನಾನೂ ಕೂರಲಿಲ್ಲ.